ಇಳಿಜಾರಿನ ಉಳಿತಾಯ

ಕೊಬ್ಬರಿಗೆ ಒಳ್ಳೆಯ ಧಾರಣೆ ಬಂದ ವರ್ಷ ನಮ್ಮ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಕಡೆ ಮನೆಯವರೆಲ್ಲರೂ ಕಲೆತು ಆಲೋಚಿಸುವ ವಿಷಯಗಳು ಕೆಲವುಂಟು: ಮಗಳ ಮದುವೆ, ಕೊಳವೆ ಬಾವಿ, ಹಳೆಯ ಮನೆಯ ದುರಸ್ತಿ. ಇವುಗಳೊಂದಿಗೆ ಈಗ ಮೋಟಾರು ಗಾಡಿಯೂ ಸೇರಿಕೊಂಡಿದೆ. ಮಕ್ಕಳು ಮಂಗಳೂರು, ಮಡಿಕೇರಿಗಳಂತಹ ಏರಿಳಿತದ ಊರುಗಳಲ್ಲಿ ಉದ್ಯೋಗಕ್ಕೆ ನಿಂತಿರುವ ಮನೆಗಳಲ್ಲಂತೂ, ‘ಹೈಬ್ರಿಡ್ ಗಾಡಿಯನ್ನು ಕೊಂಡರೆ ಪೆಟ್ರೋಲು ನಿಜವಾಗಿ ಉಳಿಯುವುದೇ?’ ಎಂಬ ಪ್ರಶ್ನೆ ಎದ್ದೇ ಏಳುವುದು. ಇದರ ಬೆಲೆ ಸಾಧಾರಣ ಗಾಡಿಗಿಂತ ಹೆಚ್ಚು. ಆ ಹೆಚ್ಚಿನ ಹಣವು ತೋಟದ ದುಡಿಮೆಯಿಂದ ಬಂದುದಾದ ಕಾರಣ, ಅದು ಮರಳಿ ಬರುವ ದಾರಿ ಯಾವುದೆಂಬುದನ್ನು ತಿಳಿಯದೆ ಮುಂದುವರಿಯುವುದು ಗೃಹಸ್ಥರಿಗೆ ಶ್ರೇಯಸ್ಕರವಲ್ಲ.

ಹೈಬ್ರಿಡ್ ಎಂಬುದಕ್ಕೆ ‘ಸಂಕರ’ವೆಂದು ಅರ್ಥ. ಪೆಟ್ರೋಲಿನ ಯಂತ್ರವೊಂದು, ವಿದ್ಯುತ್ತಿನ ಮೋಟಾರೊಂದು, ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳಂತೆ ಗಾಡಿಯನ್ನು ಎಳೆಯುತ್ತವೆ. ಜಪಾನಿನ ಟೊಯೋಟ ಸಂಸ್ಥೆಯವರು ೧೯೯೭ರಲ್ಲಿ ‘ಪ್ರಿಯಸ್’ ಎಂಬ ಹೆಸರಿನಿಂದ ಇಂತಹ ಗಾಡಿಯನ್ನು ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ತಂದರು. ನಮ್ಮ ರಾಜ್ಯದ ಬಿಡದಿಯಲ್ಲಿರುವ ಕಾರ್ಖಾನೆಯಿಂದಲೇ ೨೦೨೨ರಲ್ಲಿ ‘ಹೈರೈಡರ್’, ‘ಗ್ರ್ಯಾಂಡ್ ವಿಟಾರ’ ಎಂಬ ಗಾಡಿಗಳು ಹೊರಬಂದವು. ಇವುಗಳ ಹೈಬ್ರಿಡ್ ಮಾದರಿಯು ಲೀಟರಿಗೆ ೨೭.೯೭ ಕಿಲೋಮೀಟರು ಓಡುವುದೆಂದು ಆಗ ಪ್ರಕಟಿಸಿದ್ದರು. ಆದರೆ ಈ ಅಂಕಿಯು ಪರೀಕ್ಷಾಗಾರದ್ದೇ ಹೊರತು ಮಂಗಳೂರಿನ ಬಾವುಟಗುಡ್ಡೆಯ ಏರಿನದಲ್ಲ ಎಂಬುದನ್ನು ವಾಚಕರು ಮರೆಯಬಾರದು.

ಕೊಳ್ಳುವ ಮೊದಲೇ ತಿಳಿಯತಕ್ಕ ಮತ್ತೊಂದು ಸಂಗತಿಯುಂಟು. ಅಂಗಡಿಯಲ್ಲಿ ಹೈಬ್ರಿಡ್ ಎಂಬ ಹೆಸರು ಎರಡು ಬಗೆಯ ಗಾಡಿಗಳಿಗೆ ಸಲ್ಲುತ್ತದೆ. ‘ಮೈಲ್ಡ್’ ಎಂಬುದರಲ್ಲಿ ವಿದ್ಯುತ್ತು ಪೆಟ್ರೋಲಿನ ಯಂತ್ರಕ್ಕೆ ಅಷ್ಟಿಷ್ಟು ಕೈಗೂಡಿಸುವುದೇ ವಿನಾ ತಾನೊಂದೇ ಗಾಡಿಯನ್ನು ನಡೆಸಲಾರದು. ‘ಸ್ಟ್ರಾಂಗ್’ ಎಂಬುದರಲ್ಲಿ ಪೆಟ್ರೋಲಿನ ಯಂತ್ರವು ನಿಂತಿದ್ದರೂ ಮೋಟಾರು ಸ್ವಲ್ಪ ದೂರ ಗಾಡಿಯನ್ನು ಎಳೆದೊಯ್ಯಬಲ್ಲುದು. ನಾವು ಮುಂದೆ ಹೇಳುವುದೆಲ್ಲವೂ ಈ ಎರಡನೆಯ ಬಗೆಯನ್ನು ಕುರಿತದ್ದು.

ಏರಿಳಿತದ ಊರಿನಲ್ಲಿ ಈ ಗಾಡಿಯ ಗುಣವೇನು? ಸಾಧಾರಣ ಗಾಡಿಯು ಗುಡ್ಡವನ್ನು ಹತ್ತುವಾಗ ಪೆಟ್ರೋಲನ್ನು ಸುಟ್ಟು ಎತ್ತರವನ್ನು ಸಂಪಾದಿಸುತ್ತದೆ. ಇಳಿಯುವಾಗ ಬ್ರೇಕು ಹಾಕಿ ಆ ಸಂಪಾದನೆಯನ್ನೆಲ್ಲ ಶಾಖವನ್ನಾಗಿ ಗಾಳಿಗೆ ಚೆಲ್ಲುತ್ತದೆ. ಹೈಬ್ರಿಡ್ ಗಾಡಿಯಲ್ಲಾದರೋ ಬ್ರೇಕನ್ನು ಹಗುರವಾಗಿ ಒತ್ತಿದೊಡನೆಯೇ ಮೋಟಾರು ತಿರುಗುಮುರುಗಾಗಿ ವಿದ್ಯುಜ್ಜನಕವಾಗುತ್ತದೆ. ಗಾಡಿಯ ವೇಗವೂ ತಗ್ಗುತ್ತದೆ, ವಿದ್ಯುತ್ತೂ ಬ್ಯಾಟರಿಗೆ ಸೇರುತ್ತದೆ. ಏರಿಗೆ ಕೊಟ್ಟ ಸಾಲವನ್ನು ಇಳಿಜಾರು ಹೀಗೆ ಭಾಗಶಃ ತೀರಿಸುತ್ತದೆ.

ಎಷ್ಟು ತೀರಿಸುವುದೆಂಬುದನ್ನು ಮನೆಯ ವಿದ್ಯುತ್ ಬಿಲ್ಲಿನ ಯೂನಿಟ್ಟಿನಲ್ಲಿಯೇ ಎಣಿಸೋಣ. ಜನರೂ ಸೇರಿ ೧,೫೦೦ ಕಿಲೋ ತೂಗುವ ಗಾಡಿಯು ೫೦ ಮೀಟರು ಎತ್ತರವನ್ನು ಏರಲು, ಓಟದ ಖರ್ಚಿನ ಮೇಲೆ, ಸುಮಾರು ೦.೨ ಯೂನಿಟ್ ಶಕ್ತಿ ಬೇಕು. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು ೯ ಯೂನಿಟ್ ಶಕ್ತಿಯಿದ್ದರೂ, ಯಂತ್ರವು ಚೆನ್ನಾಗಿ ನಡೆಯುವಾಗ ಚಕ್ರಕ್ಕೆ ದಕ್ಕುವುದು ಅದರ ಮೂರನೆಯ ಒಂದು ಪಾಲು. ಎಂದರೆ ಆ ಒಂದು ಏರಿಗೆ ಲೀಟರಿನ ಹದಿನೈದನೆಯ ಒಂದು ಭಾಗ ವೆಚ್ಚವಾಯಿತು. ಇಳಿಯುವಾಗ ಅರ್ಧದಷ್ಟು ಮಾತ್ರ ಮರಳಿತೆಂದು ಇಟ್ಟುಕೊಂಡರೂ, ದಿನಕ್ಕೆ ಅಂತಹ ಹತ್ತು ಏರಿಳಿತಗಳಲ್ಲಿ ಲೀಟರಿನ ಮೂರನೆಯ ಒಂದು ಭಾಗ ಉಳಿಯುವುದು. ಬಂದರಿನಿಂದ ಹಂಪನಕಟ್ಟೆಗೂ ಅಲ್ಲಿಂದ ಕದ್ರಿಯ ಗುಡ್ಡಕ್ಕೂ ನಿತ್ಯ ಓಡಾಡುವವರಿಗೆ ಇದು ಅಲ್ಪವಲ್ಲ.

ಆದರೆ ಇದಕ್ಕೊಂದು ಮಿತಿಯಿದೆ. ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೆ ಹಾಕುವ ನಮ್ಮವರಿಗೆ ಇದನ್ನು ವಿವರಿಸುವುದು ಸುಲಭ: ಅಟ್ಟವು ತುಂಬಿದ ಮೇಲೆ ಬಂದ ಕಾಯಿ ಅಂಗಳದಲ್ಲಿಯೇ ಉಳಿಯಬೇಕು. ಹೈರೈಡರಿನ ಬ್ಯಾಟರಿಯು ಸುಮಾರು ಮುಕ್ಕಾಲು ಯೂನಿಟ್ಟಿನದು. ಬಾಳಿಕೆಯ ದೃಷ್ಟಿಯಿಂದ ಅದನ್ನು ಪೂರ್ತಿ ತುಂಬುವುದಕ್ಕೂ ಪೂರ್ತಿ ಬರಿದುಮಾಡುವುದಕ್ಕೂ ಯಂತ್ರವು ಬಿಡುವುದಿಲ್ಲ. ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯಲ್ಲಿ ೭೦೦ ಮೀಟರಿನಷ್ಟು ಇಳಿದರೆ ಸುಮಾರು ೨.೯ ಯೂನಿಟ್ ಶಕ್ತಿ ಬಿಡುಗಡೆಯಾಗುವುದು. ಘಾಟಿ ಮುಗಿಯುವುದಕ್ಕೆ ಬಹಳ ಮೊದಲೇ ಅಟ್ಟ ತುಂಬಿಹೋಗುವುದು. ಆದುದರಿಂದಲೇ ದೀರ್ಘವಾದ ಘಾಟಿಗಿಂತಲೂ ಪಟ್ಟಣದ ಕಿರಿಯ ಏರಿಳಿತಗಳು ಈ ಗಾಡಿಗೆ ಹೆಚ್ಚು ಅನುಕೂಲ. ಅಲ್ಲಿ ತುಂಬಿದ್ದು ಮುಂದಿನ ಏರಿನಲ್ಲಿ ಖರ್ಚಾಗಿ, ಮುಂದಿನ ಇಳಿತಕ್ಕೆ ಮತ್ತೆ ಸ್ಥಳವಾಗುವುದು.

ಹಾಗಾದರೆ ನಡೆಸುವವನು ಮಾಡತಕ್ಕದ್ದೇನು? ಮೊದಲನೆಯದಾಗಿ, ಇಳಿಜಾರಿನಲ್ಲಿ ಬ್ರೇಕನ್ನು ಬೇಗ ಆರಂಭಿಸಿ ಮೃದುವಾಗಿ ಒತ್ತಬೇಕು. ಕೊನೆಯ ಕ್ಷಣದಲ್ಲಿ ಬಲವಾಗಿ ಒತ್ತಿದರೆ ಸಾಧಾರಣ ಬ್ರೇಕೇ ಕೆಲಸಕ್ಕೆ ಬರುವುದು, ಶಕ್ತಿಯು ಶಾಖವಾಗಿ ಹೋಗುವುದು. ಮುಂದಿನ ಗಾಡಿಗೂ ತನಗೂ ಅಂತರವಿಟ್ಟು ನಡೆಸುವವನಿಗೆ ಇದು ತಾನಾಗಿಯೇ ಸಾಧಿಸುವುದು.

ಎರಡನೆಯದು, ‘ನ್ಯೂಟ್ರಲ್’ಗೆ ಹಾಕಿ ಗಾಡಿಯನ್ನು ಇಳಿಜಾರಿನಲ್ಲಿ ಬಿಡುವ ಹಳೆಯ ಅಭ್ಯಾಸವನ್ನು ಪೂರ್ಣವಾಗಿ ತ್ಯಜಿಸಬೇಕು. ಹಾಗೆ ಮಾಡಿದರೆ ಹೈಬ್ರಿಡ್ ಗಾಡಿಯಲ್ಲಿ ಬ್ಯಾಟರಿಗೆ ವಿದ್ಯುತ್ತು ಸೇರುವುದಿಲ್ಲ. ಮೋಟಾರಿನ ತಡೆಯೂ ಇಲ್ಲವಾಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುವುದು. ಘಾಟಿಯಲ್ಲಿ ಬ್ರೇಕು ಕಾದು ಸೋತರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ. ನಾಲ್ಕು ರೂಪಾಯಿಯ ಪೆಟ್ರೋಲಿಗಾಗಿ ಮನೆಮಂದಿಯ ಪ್ರಾಣವನ್ನು ಪಣಕ್ಕೊಡ್ಡುವುದು ಮಿತವ್ಯಯವೆನಿಸದು. ಹೊಸ ಮಾದರಿಯ ಸಾಧಾರಣ ಗಾಡಿಗಳೂ ಗೇರಿನಲ್ಲಿದ್ದು ಇಳಿಯುವಾಗ ಪೆಟ್ರೋಲನ್ನು ತಾವಾಗಿಯೇ ನಿಲ್ಲಿಸಿಕೊಳ್ಳುತ್ತವಾದ್ದರಿಂದ, ಈ ಅಭ್ಯಾಸದಿಂದ ಅವುಗಳಲ್ಲಿಯೂ ಲಾಭವಿಲ್ಲ. ಟೊಯೋಟದ ಬಗೆಯ ಗಾಡಿಗಳಲ್ಲಿ ‘ಬಿ’ ಎಂಬ ಗುರುತೊಂದಿರುವುದು. ಅದು ದೀರ್ಘವಾದ, ಕಡಿದಾದ ಇಳಿತಕ್ಕೆ. ಬ್ಯಾಟರಿ ತುಂಬಿದ ಮೇಲೆ ಯಂತ್ರವೇ ಗಾಡಿಯನ್ನು ತಡೆದು ಹಿಡಿಯುವಂತೆ ಅದು ಮಾಡುವುದು. ಪಟ್ಟಣದ ಕಿರಿಯ ಇಳಿಜಾರಿಗೆ ‘ಡಿ’ಯೇ ಸಾಕು.

ಮೂರನೆಯದು, ಏರಿನಲ್ಲಿ ಲೋಭವೂ ಬೇಡ, ಆತುರವೂ ಬೇಡ. ವಿದ್ಯುತ್ತಿನಿಂದಲೇ ಹತ್ತಿಸುವೆನೆಂದು ತೆವಳಿದರೆ ಬ್ಯಾಟರಿ ಬರಿದಾಗಿ, ಅದನ್ನು ತುಂಬಲು ಯಂತ್ರವು ಬೇರೆಯಾಗಿ ದುಡಿಯಬೇಕಾಗುವುದು. ಶಕ್ತಿಯು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗುವಾಗಲೆಲ್ಲ ಸ್ವಲ್ಪ ಸೋರಿಹೋಗುವುದು. ಪೆಡಲನ್ನು ಪೂರ್ತಿ ತುಳಿದರೂ ನಷ್ಟವೇ. ಒಂದೇ ಸಮನಾದ ಮಧ್ಯಮ ವೇಗದಿಂದ ಹತ್ತಿ, ನೆತ್ತಿಯ ಸಮೀಪದಲ್ಲಿ ಕಾಲನ್ನು ಸಡಿಲಿಸುವುದು ಲೇಸು.

ಉಳಿದವು ಗೃಹಕೃತ್ಯದ ಮಾತುಗಳು. ತಿಂಗಳಿಗೊಮ್ಮೆಯಾದರೂ, ಗಾಡಿಯು ತಣ್ಣಗಿರುವಾಗ, ಬಾಗಿಲ ಬಳಿಯ ಪಟ್ಟಿಯಲ್ಲಿ ಸೂಚಿಸಿರುವಷ್ಟು ಗಾಳಿಯು ಟೈರುಗಳಲ್ಲಿದೆಯೇ ಎಂದು ನೋಡಿಸಬೇಕು. ತಣ್ಣಗಿರುವ ಯಂತ್ರವು ಕಾಯುವ ತನಕ ಪೆಟ್ರೋಲು ಹೆಚ್ಚು ಬೇಕಾದುದರಿಂದ ಸಂತೆ, ಔಷಧಿ, ಶಾಲೆ ಇವುಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಲಾಭ. ಮಂಗಳೂರಿನ ಸೆಕೆಯಲ್ಲಿ ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿದರೆ ತಂಪುಯಂತ್ರವು ಬ್ಯಾಟರಿಯನ್ನು ಅಷ್ಟಾಗಿ ಹೀರದು. ಊರಿನಿಂದ ಮಕ್ಕಳಿಗೆಂದು ಕಟ್ಟಿಕೊಟ್ಟ ತೆಂಗಿನಕಾಯಿಯ ಮೂಟೆಯನ್ನು ಮನೆ ಸೇರಿದ ದಿನವೇ ಇಳಿಸಿಕೊಳ್ಳಲಿ. ಐವತ್ತು ಕಿಲೋ ಮೂಟೆಯನ್ನು ವಾರವೆಲ್ಲ ಗುಡ್ಡ ಹತ್ತಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆ. ಗುಡ್ಡದ ಪಟ್ಟಣದಲ್ಲಿ ಸಾಧಾರಣ ಗಾಡಿಯು ಲೀಟರಿಗೆ ೧೩, ಹೈಬ್ರಿಡ್ ೨೦ ಕಿಲೋಮೀಟರು ಓಡುವುದೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ತಿಂಗಳಿಗೆ ೧,೦೦೦ ಕಿಲೋಮೀಟರು ಓಡಿಸುವವನಿಗೆ ಸುಮಾರು ೨೭ ಲೀಟರು ಉಳಿಯುವುದು. ಲೀಟರಿಗೆ ನೂರು ರೂಪಾಯಿಯಂತೆ ಎಣಿಸಿದರೆ ಐದು ವರ್ಷಕ್ಕೆ ೧,೬೨,೦೦೦ ರೂಪಾಯಿ. ತಿಂಗಳಿಗೆ ೩೦೦ ಕಿಲೋಮೀಟರು ಓಡಿಸುವವನಿಗಾದರೆ ಉಳಿಯುವುದು ೮ ಲೀಟರು ಮಾತ್ರ. ಬಯಲು ಹೆದ್ದಾರಿಯ ವೇಗದಲ್ಲಿ ಗಾಳಿಯ ತಡೆಯೇ ಪ್ರಬಲವಾಗಿ, ಬ್ರೇಕಿನಿಂದ ಮರಳುವುದು ಕಡಮೆಯಾಗುವುದರಿಂದ, ಅಲ್ಲಿ ಈ ಅಂತರವೂ ಕುಗ್ಗುವುದು. ಅಂಗಡಿಯವರು ಹೇಳುವ ಬೆಲೆಯ ವ್ಯತ್ಯಾಸವನ್ನು ಈ ಲೆಕ್ಕದೊಂದಿಗೆ ತೂಗಿನೋಡಿ, ಬ್ಯಾಟರಿಗೆ ಎಷ್ಟು ವರ್ಷದ ಹೊಣೆಯೆಂಬುದನ್ನು ಬರಹದಲ್ಲಿ ಪಡೆಯಬೇಕು.

ನಮ್ಮ ಅಭಿಪ್ರಾಯವಿಷ್ಟೆ: ತೋಟದ ಮನೆಯಲ್ಲಿದ್ದು ಆಗಾಗ ತುಮಕೂರಿಗೆ ಹೋಗಿಬರುವ ಹಿರಿಯರಿಗೆ ಇದರ ಅವಶ್ಯಕತೆ ಕಾಣದು. ನಿತ್ಯವೂ ಗುಡ್ಡ ಹತ್ತಿಳಿದು ದುಡಿಮೆಗೆ ಹೋಗುವ ಮಗನಿಗೋ ಸೊಸೆಗೋ ಆದರೆ, ಕಾಲಿನಲ್ಲಿ ಸಂಯಮವಿದ್ದ ಪಕ್ಷದಲ್ಲಿ, ಇದು ತಕ್ಕ ಗಾಡಿ. ಗಾಡಿಯನ್ನು ಹಣದಿಂದ ಕೊಳ್ಳಬಹುದು. ಸಂಯಮವನ್ನು ಅಭ್ಯಾಸದಿಂದಲೇ ಗಳಿಸಬೇಕು.