‘ಫಾರ್ಮ್ಯಾಟ್ ಮಾಡ್ಬೇಕು ಸಾರ್’

ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಅಂತ ಎಸ್.ಪಿ. ರೋಡಿನ ಹತ್ತು ಅಂಗಡಿ ಅಲೆದು, ಚೌಕಾಸಿ ಮಾಡಿ ಕಂಪ್ಯೂಟರ್ ಕಟ್ಟಿಸ್ತೀರಿ. ಆದರೆ ಹಾರ್ಡ್ ಡಿಸ್ಕಿನ ಜತೆ ಮದರ್‌ಬೋರ್ಡು ಹೇಗೆ ಮಾತಾಡಬೇಕು ಅನ್ನೋದನ್ನು ಮಾತ್ರ ಸ್ಕ್ರೂಡ್ರೈವರ್ ಹಿಡಿದ ಹುಡುಗನಿಗೆ ಬಿಟ್ಟುಬಿಡ್ತೀರಿ. ಯಾಕೆ ಸ್ವಾಮಿ?

ಬಯಾಸ್ ತೆರೆದರೆ ‘ಸಾಟಾ ಮೋಡ್’ ಅಂತ ಒಂದು ಸಾಲು ಸಿಗುತ್ತೆ. ಹಿಂದೆಲ್ಲ ಸಾಮಾನ್ಯವಾಗಿ ಮೂರು ಆಯ್ಕೆ ಇರ್ತಿದ್ದವು: ಐಡಿಇ, ಎಎಚ್‌ಸಿಐ, ರೇಡ್. ಹುಡುಗನ ಕೈ ಹೋಗ್ತಿದ್ದದ್ದು ಐಡಿಇ ಕಡೆಗೆ. ಇದಕ್ಕೊಂದು ಇತಿಹಾಸ ಇದೆ. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ, ಎಎಚ್‌ಸಿಐ ಬಂದದ್ದು 2004ರಲ್ಲಿ. ಹಾಗಾಗಿ ಎಕ್ಸ್‌ಪಿ ಸಿಡಿಯಲ್ಲಿ ಅದರ ಡ್ರೈವರ್ ಇರಲಿಲ್ಲ. ಎಫ್6 ಒತ್ತಿ ಫ್ಲಾಪಿಯಿಂದ ತುಂಬಬೇಕಿತ್ತು. ಆ ಉಸಾಬರಿ ಯಾರಿಗೆ ಬೇಕು ಅಂತ ಐಡಿಇ ಹಾಕಿದರು. ಸರಿ, ಒಪ್ಪೋಣ. ಆದರೆ ವಿಸ್ತಾದಲ್ಲೇ ಆ ಡ್ರೈವರ್ ಒಳಗೆ ಬಂತು, ವಿಂಡೋಸ್ 7ರಲ್ಲೂ ಇದೆ. ಫ್ಲಾಪಿ ಹೋಯ್ತು, ಅದರ ಸೋಮಾರಿತನ ಮಾತ್ರ ಉಳೀತು.

ನೀವು ಕಳ್ಕೊಳ್ಳೋದು ಏನು? ಎಎಚ್‌ಸಿಐನಲ್ಲಿ ಡಿಸ್ಕು 32 ಆದೇಶಗಳನ್ನು ಸಾಲಿನಲ್ಲಿ ಇಟ್ಟುಕೊಂಡು, ಯಾವುದು ಹತ್ತಿರವೋ ಅದನ್ನು ಮೊದಲು ಮುಗಿಸುತ್ತೆ. ಬೀದಿವಾರು ಕಾಗದ ಜೋಡಿಸಿಕೊಂಡು ಹೊರಡುವ ಪೋಸ್ಟ್‌ಮ್ಯಾನ್ ಥರ. ಐಡಿಇ ಮೋಡಿನ ಪೋಸ್ಟ್‌ಮ್ಯಾನ್ ಒಂದೊಂದು ಕಾಗದಕ್ಕೂ ಅಂಚೆ ಕಚೇರಿಗೆ ವಾಪಸ್ ಬರ್ತಾನೆ. ‘ಒಂದು ಸಿನಿಮಾ ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ’ ಅಂತೀರಾ? ನಿಜ, ಗೊತ್ತಾಗಲ್ಲ. ಹಿಂದೆ ಆಂಟಿವೈರಸ್ ಸ್ಕ್ಯಾನ್, ಮುಂದೆ ಆಫೀಸಿನ ಕೆಲಸ ಒಟ್ಟಿಗೆ ನಡೆಯುವಾಗ ಗೊತ್ತಾಗಬಹುದು.

ಆದರೆ ನನ್ನ ಸಿಟ್ಟು ವೇಗದ ಬಗ್ಗೆ ಅಲ್ಲ. ಆಮೇಲೆ ಯಾರೋ ಆ ಸೆಟ್ಟಿಂಗ್ ಬದಲಾಯಿಸ್ತಾರೆ, ಅಥವಾ ಬಯಾಸ್ ಬ್ಯಾಟರಿ ಸತ್ತು ಅದೇ ಬದಲಾಗುತ್ತೆ. ವಿಂಡೋಸ್ ಏಳೋದಿಲ್ಲ. ನೀಲಿ ಪರದೆ, ಸ್ಟಾಪ್ ಕೋಡಿನ ಕೊನೆಗೆ 7ಬಿ. ಆಗ ಬರುತ್ತೆ ಮಂತ್ರ: ‘ಫಾರ್ಮ್ಯಾಟ್ ಮಾಡ್ಬೇಕು ಸಾರ್.’ ಡಿಸ್ಕು ಸತ್ತಿಲ್ಲ ರೀ! ಆ ಮೋಡಿನ ಡ್ರೈವರನ್ನು ಬೂಟ್ ಸಮಯದಲ್ಲಿ ವಿಂಡೋಸ್ ಎಬ್ಬಿಸ್ತಿಲ್ಲ, ಅಷ್ಟೇ. ಸೆಟ್ಟಿಂಗ್ ಹಳೇ ಜಾಗಕ್ಕೆ ತಂದು ನೋಡೋದು ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಡಿಸ್ಕ್ ಒರೆಸಿದರೆ ಹೋಗೋದು ಮಗುವಿನ ಮೊದಲ ವರ್ಷದ ಫೋಟೋಗಳು, ತೀರಿಕೊಂಡ ಅಪ್ಪನ ದನಿ.

ವಿಂಡೋಸ್ 7ರಲ್ಲಿ ಮೋಡ್ ಬದಲಿಸಲೇಬೇಕಾ? ಬ್ಯಾಕಪ್ ತಗೊಳ್ಳಿ. ರಿಜಿಸ್ಟ್ರಿಯಲ್ಲಿ ‘ಎಂಎಸ್‌ಎಎಚ್‌ಸಿಐ’ ಸರ್ವೀಸಿನ ‘ಸ್ಟಾರ್ಟ್’ ಬೆಲೆಯನ್ನು 0 ಮಾಡಿ. ಆಮೇಲೆ ಬಯಾಸ್ ಮುಟ್ಟಿ. ಈ ಕ್ರಮ ತಪ್ಪಬೇಡಿ.

ಇನ್ನು ‘ರೇಡ್ ಹಾಕಿಸಿ, ಡಬಲ್ ಸ್ಪೀಡ್’ ಅನ್ನೋ ಸ್ನೇಹಿತರು. ರೇಡ್ 0 ಅಂದರೆ ಎರಡು ಡಿಸ್ಕುಗಳಲ್ಲಿ ಒಂದು ಕೈಕೊಟ್ಟರೂ ಎರಡರದ್ದೂ ಡೇಟಾ ಹೋಯ್ತು ಅಂತ ಲೆಕ್ಕ. ರೇಡ್ 1 ಒಂದು ಡಿಸ್ಕ್ ಕೆಟ್ಟರೆ ಕಾಪಾಡುತ್ತೆ. ಆದರೆ ನೀವು ಅಳಿಸಿದ ಫೈಲನ್ನು ಎರಡೂ ಕಡೆ ಅಷ್ಟೇ ನಿಷ್ಠೆಯಿಂದ ಅಳಿಸುತ್ತೆ. ಅದು ಬ್ಯಾಕಪ್ ಅಲ್ಲ. ಬೇರೆ ಡಿಸ್ಕಿಗೆ ಕಾಪಿ ಮಾಡಿ ಬೀರುವಿನಲ್ಲಿ ಇಟ್ಟದ್ದು ಬ್ಯಾಕಪ್.

ಹೊಸ ಕಂಪ್ಯೂಟರ್ ಕಟ್ಟಿಸ್ತಿದ್ದರೆ ವಿಂಡೋಸ್ ಹಾಕೋ ಮೊದಲೇ ಎಎಚ್‌ಸಿಐ ಹಾಕಿಸಿ. ಪಕ್ಕದಲ್ಲಿ ನಿಂತು ನೋಡಿ, ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಗೆ ಅಂಟಿಸಿ. ‘ಯಾವುದಾದ್ರೇನು ಸಾರ್’ ಅಂದರೆ, ಹಣ ಕೊಡೋನು ನಾನು ಕಣಪ್ಪ, ಆರಿಸೋದೂ ನಾನೇ ಅನ್ನಿ.