ನೊಂದವರಿಗೂ ಒಂದು ಬಾಗಿಲು

ಮನೆಯ ಯಜಮಾನನು ಕೊಲೆಗೀಡಾದನೆಂದು ಭಾವಿಸೋಣ. ಮೊಕದ್ದಮೆ ನಡೆಸುವುದು ಸರ್ಕಾರ. ಎದುರಿಗೆ ನಿಲ್ಲುವವನು ಆರೋಪಿ. ಹೆಂಡತಿ ಮಕ್ಕಳಾದರೋ ಬರಿಯ ಸಾಕ್ಷಿಗಳು. ಕರೆದಾಗ ಕಟಕಟೆಯೇರಿ, ಹೇಳಿ ಇಳಿಯತಕ್ಕವರು. ಆರೋಪಿಗೆ ಬಿಡುಗಡೆಯಾದರೆ ಮೇಲ್ಮನವಿ ಸಲ್ಲಿಸುವುದೂ ಬಿಡುವುದೂ ಸರ್ಕಾರದ ಚಿತ್ತವಾಗಿತ್ತು.

2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯು ಈ ಹಕ್ಕನ್ನು ನೊಂದವರಿಗೂ, ಮೃತರ ವಾರಸುದಾರರಿಗೂ ಕೊಟ್ಟಿತು. ಅದಕ್ಕೆ ನ್ಯಾಯಾಲಯದ ಪೂರ್ವಾನುಮತಿ ಬೇಕೆ? ನಮ್ಮ ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ, 2018ರಲ್ಲಿ, ಸುಪ್ರೀಂ ಕೋರ್ಟು ಬೇಡವೆಂದಿತು. 2022ರಲ್ಲಿ, ಉತ್ತರ ಪ್ರದೇಶದ ಲಖಿಂಪುರ ಖೇರಿಯ ಪ್ರಕರಣದಲ್ಲಿ, ಆರೋಪಿಯ ಜಾಮೀನಿನ ವಿಚಾರಣೆಯಲ್ಲಿಯೂ ನೊಂದವರ ಮಾತನ್ನು ಕೇಳಬೇಕೆಂದು ತೀರ್ಪಿತ್ತಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಪೊಲೀಸರು ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ತಿಳಿಸಬೇಕು. ಅಪರಾಧಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ, ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ವಕೀಲರನ್ನಿಡಲು ಶಕ್ತಿಯಿಲ್ಲವೆಂದು ಹೆಂಗಸರು ಹಿಂಜರಿಯಬೇಕಾಗಿಲ್ಲ. ವರಮಾನವೆಷ್ಟೇ ಇರಲಿ, ಅವರಿಗೆ ಉಚಿತ ಕಾನೂನು ನೆರವೂ ಅಲ್ಲಿಯೇ ದೊರೆಯುತ್ತದೆ.

ಕಾನೂನಿನ ಹೊತ್ತಗೆಯಲ್ಲಿರುವ ಹಕ್ಕು, ಅರಿತು ಕೇಳಿದವರಿಗಷ್ಟೇ ಕೈಗೆ ಬರುತ್ತದೆ. ನೆರೆಮನೆಗೆ ಇಂಥ ಸಂಕಟ ಬಂದಾಗ, ಸಾಂತ್ವನದ ನುಡಿಯೊಡನೆ ಈ ನಾಲ್ಕು ಮಾತುಗಳನ್ನೂ ತಿಳಿಸಿ ಬನ್ನಿ.