ಪ್ರಾಸ್ಟೇಟ್ ಕ್ಯಾನ್ಸರ್: ಆಯ್ಕೆ ತಂದೆಯದೋ, ಮಗನದೋ?

2025ರ ಮೇ ತಿಂಗಳಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೋ ಬೈಡನ್ ಅವರಿಗೆ ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಪ್ರಕಟವಾಯಿತು. ಆ ಬಳಿಕ ಸ್ಯಾನ್ ರಮೋನ್‌ನ ಕನ್ನಡ ಕುಟುಂಬಗಳು ನನ್ನನ್ನು ಕೇಳುತ್ತಿರುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಅಪ್ಪನದನ್ನು ಬೇಗ ತೆಗೆಸಿಬಿಡೋಣವೇ?" ಬೈಡನ್ ಅವರದು ಗ್ಲೀಸನ್ 9 ಅಂಕದ ಉಗ್ರ ರೋಗ. ಈ ತಂದೆಯರಲ್ಲಿ ಹಲವರದು ಗ್ಲೀಸನ್ 6, ಗ್ರಂಥಿಯೊಳಗೇ ಉಳಿದಿರುವಂಥದ್ದು. ಹೆಸರು ಒಂದೇ, ರೋಗದ ನಡೆ ಬೇರೆ.

ಇಂಥ ಸೀಮಿತ ರೋಗದ ಬಗ್ಗೆ ನಮಗಿರುವ ಗಟ್ಟಿಯಾದ ಆಧಾರ ಬ್ರಿಟನ್ನಿನ 'ಪ್ರೊಟೆಕ್ಟ್' ಅಧ್ಯಯನ. 1,643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ, ವಿಕಿರಣ ಎಂಬ ಮೂರು ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚಲಾಗಿತ್ತು. 2023ರಲ್ಲಿ ಪ್ರಕಟವಾದ 15 ವರ್ಷಗಳ ಫಲಿತಾಂಶದಂತೆ ಈ ಕ್ಯಾನ್ಸರಿನಿಂದ ಸತ್ತವರು ಕ್ರಮವಾಗಿ ಶೇ. 3.1, 2.2 ಮತ್ತು 2.9. ನಿಗಾದಲ್ಲಿದ್ದವರಲ್ಲಿ ರೋಗ ಹರಡಿದ್ದು ಶೇ. 9.4, ಉಳಿದೆರಡರಲ್ಲಿ ಸುಮಾರು ಶೇ. 5. ಇದನ್ನು ಮುಚ್ಚಿಡಬಾರದು, ಆದರೆ ಆಗಿನ ನಿಗಾ ಇಂದಿನಷ್ಟು ಬಿಗಿಯಾಗಿರಲಿಲ್ಲ, ಎಂಆರ್‌ಐ ಬಳಕೆಯೂ ಇರಲಿಲ್ಲ. ಇನ್ನೊಂದು ತಟ್ಟೆಯಲ್ಲಿರುವುದು ಬದುಕಿನ ಗುಣಮಟ್ಟ: 12ನೆಯ ವರ್ಷದಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನ ಶೇ. 24 ಮಂದಿಗೆ ಮೂತ್ರ ಸೋರಿಕೆಗಾಗಿ ಪ್ಯಾಡ್ ಬೇಕಾಗುತ್ತಿತ್ತು. ನಿಗಾದ ಗುಂಪಿನಲ್ಲಿ ಶೇ. 11.

ಯಾವುದು ಮೇಲು ಎಂಬುದನ್ನು ಈ ಅಂಕಿಗಳೇ ಹೇಳಲಾರವು. ಅದಕ್ಕಾಗಿ ರೂಪುಗೊಂಡವು 'ನಿರ್ಧಾರ ಸಾಧನ'ಗಳು: ನೂರು ಮನುಷ್ಯರ ಚಿತ್ರ ಬರೆದು ಎಷ್ಟು ಮಂದಿಗೆ ಏನಾಗುತ್ತದೆಂದು ಬಣ್ಣದಲ್ಲಿ ತೋರಿಸುವ, ಬಳಿಕ 'ನಿಮಗೆ ಯಾವುದು ಮುಖ್ಯ?' ಎಂದು ಕೇಳುವ ಪುಸ್ತಿಕೆ ಅಥವಾ ಪರದೆ. ಇವು ರೋಗಿಯ ತಿಳಿವಳಿಕೆ ಹೆಚ್ಚಿಸುತ್ತವೆ, ಗೊಂದಲ ತಗ್ಗಿಸುತ್ತವೆ ಎಂಬುದನ್ನು ಕಾಕ್ರೇನ್ ಸಮೀಕ್ಷೆಗಳು ಮತ್ತೆ ಮತ್ತೆ ಕಂಡುಕೊಂಡಿವೆ. ವಾಷಿಂಗ್ಟನ್ ರಾಜ್ಯವಂತೂ 2007ರಲ್ಲೇ ಇವನ್ನು ಕಾನೂನಿನಲ್ಲಿ ಮಾನ್ಯ ಮಾಡಿತು.

ಆದರೆ ಇವುಗಳ ಕಲ್ಪನೆಯ ರೋಗಿ ಇಂಗ್ಲಿಷ್ ಓದಬಲ್ಲ, ಒಬ್ಬನೇ ಕುಳಿತು ತೀರ್ಮಾನಿಸುವ ವ್ಯಕ್ತಿ. ನಮ್ಮಲ್ಲಿ ಪರದೆಯ ಮುಂದಿರುವುದು ಮಗ. ಸೋಫಾದ ಮೇಲಿರುವುದು ತಂದೆ. ಲೈಂಗಿಕ ಸಾಮರ್ಥ್ಯದ ಪುಟ ಬಂದೊಡನೆ ಮಗ ಮುಂದಕ್ಕೆ ಸರಿಸುತ್ತಾನೆ. ಎಪ್ಪತ್ತರ ತಂದೆಗೆ ಅದೆಲ್ಲ ಏಕೆ ಎಂಬ ಊಹೆ! ತಂದೆಯೂ ಮಗ, ಸೊಸೆಯ ಎದುರು ಬಾಯಿ ಬಿಡರು. ಈ ಸಾಧನಗಳ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿಯೇ: ಬಾಯಲ್ಲಿ ಕೇಳಲಾಗದ ಪ್ರಶ್ನೆಯನ್ನು ಕಾಗದ ಕೇಳುತ್ತದೆ, ಗುರುತು ಹಾಕಿದರೆ ಸಾಕು.

ಅನುವಾದವೂ ತೊಡಕೇ. 'ಆಕ್ಟಿವ್ ಸರ್ವೇಲೆನ್ಸ್' ಎಂಬುದು ಮಗನ ಬಾಯಲ್ಲಿ 'ಸುಮ್ಮನೆ ನೋಡ್ತಾ ಇರೋದು' ಆಗುತ್ತದೆ. ನಿಯತ ಪಿಎಸ್‌ಎ, ಎಂಆರ್‌ಐ, ಬಯಾಪ್ಸಿಗಳ ಕಟ್ಟುನಿಟ್ಟು ಅದರಲ್ಲಿ ಮಾಯ. 'ರಿಸ್ಕ್' ಎಂಬುದನ್ನು 'ಅಪಾಯ' ಎಂದರೆ ಶೇ. 3 ಕೂಡ ಗಂಡಾಂತರವಾಗಿ ಕೇಳಿಸುತ್ತದೆ. 'ನೂರರಲ್ಲಿ ಮೂವರಿಗೆ' ಎನ್ನುವುದೇ ಸರಿ. ಫೆಡರಲ್ ನೆರವು ಪಡೆಯುವ ಆಸ್ಪತ್ರೆಗಳು ಅರ್ಹ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂಬ ನಿಯಮವಿದೆ. ಕನ್ನಡದ ದುಭಾಷಿ ಬೇಕೆಂದು ಮೊದಲೇ ಕೇಳಿ.

ಸಾಧನಗಳು ಕೇಳದ ಪ್ರಶ್ನೆಯೊಂದಿದೆ: ಮುಂದಿನ ಹತ್ತು ವರ್ಷ ನೀವು ಎಲ್ಲಿರುತ್ತೀರಿ? ಸಂದರ್ಶಕ ವೀಸಾದಲ್ಲಿ ಬಂದವರು ಆರು ತಿಂಗಳೊಳಗೆ ಮರಳುತ್ತಾರೆ. ನಿಗಾ ಬೆಂಗಳೂರಿನಲ್ಲಿ ಮುಂದುವರಿಯಬೇಕಾದರೆ ಬಯಾಪ್ಸಿಯ ವರದಿ, ಸ್ಲೈಡ್‌ಗಳು, ಎಂಆರ್‌ಐ ಚಿತ್ರಗಳು ಜೊತೆಗೇ ಹೋಗಬೇಕು. ಅಲ್ಲಿ ನೋಡಿಕೊಳ್ಳುವ ವೈದ್ಯರು ಯಾರೆಂಬುದು ಇಲ್ಲಿಂದ ಹೊರಡುವ ಮೊದಲೇ ಗೊತ್ತಾಗಿರಬೇಕು. ಗ್ಲೀಸನ್ 6 ಇರುವವರಿಗೆ ಇದನ್ನೆಲ್ಲ ಯೋಚಿಸಲು ಕೆಲವು ವಾರಗಳ ಬಿಡುವು ಖಂಡಿತ ಇದೆ.